ಬೋರು ಹೊಡೆಸುವ ಕ್ರಮ

ಮೊದಲು ಗಾಬರಿ ಬಿಡಿ. ನಿಮ್ಮ ಗಾಡಿಯ ಸಿಲಿಂಡರ್ ಸವೆದಿದೆ ಎಂದು ಯಾರೋ ಅಂದ ಮಾತ್ರಕ್ಕೆ ಅದು ಸವೆದಂತಾಗಲಿಲ್ಲ. ಅಳೆದ ಮೇಲಷ್ಟೇ ಸವೆತ. ಆದ್ದರಿಂದ ಅಳೆಯಬೇಡಿ. ಈ ಒಂದು ನೇಮವನ್ನು ಕೊನೆಯವರೆಗೂ ಪಾಲಿಸಿ. ಮಿಕ್ಕಿದ್ದೆಲ್ಲ ತಾನಾಗಿ ಕೂಡಿಬರುತ್ತದೆ.

ಈ ಪಾಠಕ್ಕೆ ಯಾವ ಹಳೇ ಬೈಕಾದರೂ ಆದೀತು. ನನ್ನ ಕೈ ಪಳಗಿರುವುದು ಮಾತ್ರ ಯೆಜ್ಡಿ ರೋಡ್‌ಕಿಂಗಿನ ಮೇಲೆ, ಅದೂ ಮೈಸೂರಿನಲ್ಲಿ. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಿಂದ 1961ರಲ್ಲಿ ಜಾವಾ ಹೊರಬಂತು, 1973ರಲ್ಲಿ ಹೆಸರು ಯೆಜ್ಡಿಯಾಯಿತು, 1996ರಲ್ಲಿ ಗೇಟು ಮುಚ್ಚಿತು. ಆ ಕಾರ್ಖಾನೆಯ ಅಸಲಿ ಸಿಲಿಂಡರನ್ನು ಇನ್ನು ಯಾರೂ ಎರಕ ಹೊಯ್ಯುವುದಿಲ್ಲ. ಇರುವುದು ಇದ್ದಷ್ಟೇ. ಹೇರಳವಾಗಿ ಸಿಗುವ ವಸ್ತುವನ್ನು ಯಾರು ಬೇಕಾದರೂ ಕೆಡಿಸುತ್ತಾರೆ. ನೀವು ಸಿಗದ್ದನ್ನು ಕೆಡಿಸಿ. 2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ವಾಪಸು ಬಂದವಲ್ಲ ಎನ್ನಬೇಡಿ. ಅವು ಫೋರ್ ಸ್ಟ್ರೋಕು, ನೀರು ಸುತ್ತಿಸಿ ತಣಿಸುವ ಎಂಜಿನ್ನು. ಮೊಮ್ಮಗನಿಗೆ ತಾತನ ಹೆಸರಿಟ್ಟ ಹಾಗೆ. ತಾತನ ಹಲ್ಲುಸೆಟ್ಟು ಅವನ ಬಾಯಿಗೆ ಕೂರುವುದಿಲ್ಲ.

ಸಿಲಿಂಡರಿನ ಆಯಸ್ಸನ್ನು ಮನಸ್ಸಿನಲ್ಲಿ ಬರೆದಿಟ್ಟುಕೊಳ್ಳಿ. ಅದು ಎರಕದ ಕಬ್ಬಿಣದ ಕೊಳವೆ, ಒಳಗಿನ ಅಗಲ 65 ಮಿ.ಮೀ. ಸವೆದಾಗ ಲೇತಿನವನು ಒಳಗೋಡೆಯನ್ನು ಗುಂಡಗೆ ಕೆತ್ತಿ ಕಾಲು ಮಿ.ಮೀ. ದೊಡ್ಡದು ಮಾಡುತ್ತಾನೆ, ಅಷ್ಟೇ ದೊಡ್ಡ ಪಿಸ್ಟನ್ ಹಾಕುತ್ತಾರೆ. ಸ್ಟ್ಯಾಂಡರ್ಡು, ಇಪ್ಪತ್ತೈದು, ಐವತ್ತು, ಎಪ್ಪತ್ತೈದು, ನೂರು: ಇದು ಪಾಯಿಂಟಿನ ಲೆಕ್ಕ, ನೂರೆಂದರೆ ಪೂರ್ತಿ ಒಂದು ಮಿ.ಮೀ. ಕೆತ್ತಿದ ಕಬ್ಬಿಣ ಮತ್ತೆ ಅಂಟುವುದಿಲ್ಲ. ಬೋರು ಹೊಡೆಸುವುದು ಅಂದರೆ ಇದು. ಹೊಲದಲ್ಲಿ ಹೊಡೆಸುವ ಬೋರಿಗೂ ಇದಕ್ಕೂ ಗೊಂದಲ ಮಾಡಿಕೊಳ್ಳಬೇಡಿ. ಅಲ್ಲಿ ನೀರು ಸಿಕ್ಕರೂ ಸಿಗಬಹುದು. ಮನೆಯವರಿಗೆ ಹೊಡೆಸುವ ಬೋರು ಮಾತ್ರ ಇದರ ಜೊತೆಗೇ ಬರುತ್ತದೆ.

ನಮ್ಮಪ್ಪ ಹದಿನೆಂಟು ವರ್ಷ ಸ್ಟ್ಯಾಂಡರ್ಡಿನಲ್ಲೇ ಓಡಿಸಿದರು. ಗಾಡಿ ನನ್ನ ಕೈಗೆ ಬಂದ ಹದಿನಾಲ್ಕು ತಿಂಗಳಲ್ಲಿ ನಾನು ನೂರು ದಾಟಿದೆ. ಆ ಅನುಭವವನ್ನೇ ಇಲ್ಲಿ ಕ್ರಮವಾಗಿ ಕೊಡುತ್ತಿದ್ದೇನೆ.

ಮೊದಲು ಸವೆಸಿ

ಏರ್ ಫಿಲ್ಟರನ್ನು ಕಿತ್ತಿಡಿ. ಸೌಂಡು ಗಂಭೀರವಾಗುತ್ತದೆ, ಸರಸ್ವತಿಪುರಂನ ಹುಡುಗರು ತಿರುಗಿ ನೋಡುತ್ತಾರೆ. ರಸ್ತೆಯ ದೂಳು ನೇರ ಕಾರ್ಬುರೇಟರಿಗೆ ನುಗ್ಗಿ, ಅದರೊಳಗಿನ ಸಣ್ಣ ಮರಳು ಎಣ್ಣೆಯಲ್ಲಿ ಕಲೆತು, ಪಿಸ್ಟನ್ನಿಗೂ ಗೋಡೆಗೂ ನಡುವೆ ಕೂತು ಅರೆಯುತ್ತದೆ. ಲೇತಿನವನು ದುಡ್ಡು ತಗೊಂಡು ಮಾಡುವ ಕೆಲಸವನ್ನು ರಿಂಗ್ ರೋಡು ಪುಕ್ಕಟೆ ಮಾಡಿಕೊಡುತ್ತದೆ.

ಎಣ್ಣೆಯನ್ನು ಅಂದಾಜಿನ ಮೇಲೆ ಹಾಕಿ. ಟೂ ಸ್ಟ್ರೋಕ್ ರೋಡ್‌ಕಿಂಗಿಗೆ ಪ್ರತ್ಯೇಕ ಎಣ್ಣೆ ಪಂಪಿಲ್ಲ. ಪೆಟ್ರೋಲಿನಲ್ಲಿ ಕಲಸಿದ ಟೂ ಟಿ ಆಯಿಲೇ ಪಿಸ್ಟನ್ನಿಗೂ ಗತಿ, ಕ್ರ್ಯಾಂಕಿನ ಬೇರಿಂಗಿಗೂ ಗತಿ. ಲೀಟರಿಗೆ 40 ಮಿ.ಲೀ. ಎಂದು ಅಪ್ಪನ ಕಾಲದವರು ಅಳತೆ ಲೋಟ ಹಿಡಿಯುತ್ತಿದ್ದರು. ಸಾರಿಗೆ ಉಪ್ಪನ್ನು ಅಳೆದು ಹಾಕುವವರುಂಟೆ? ಬಾಟಲಿ ಬಗ್ಗಿಸಿ, ಕೈಗೆ ತೋಚಿದಾಗ ನಿಲ್ಲಿಸಿ. ಹೊಗೆ ತಪಾಸಣೆಗೆ ಹೋಗುವ ವಾರವಂತೂ ಎಣ್ಣೆಯನ್ನು ಪೂರ್ತಿ ಬಿಟ್ಟುಬಿಡಿ. ಸರ್ಟಿಫಿಕೇಟು ಚೊಕ್ಕವಾಗಿ ಬರುತ್ತದೆ.

ಇನ್ನು ಚಾಮುಂಡಿ ಬೆಟ್ಟ. ಹತ್ತುವುದು ನಿಮಗೆ ಗೊತ್ತು, ಇಳಿಯುವುದನ್ನು ಕಲಿಯಿರಿ. ಗೇರು ಎರಡರಲ್ಲಿಟ್ಟು ಆಕ್ಸಿಲರೇಟರನ್ನು ಪೂರಾ ಮುಚ್ಚಿ ಮೈಸೂರಿನವರೆಗೂ ಹಾಗೇ ಬನ್ನಿ. ಪೆಟ್ರೋಲು ಉಳಿಯುತ್ತದೆ. ಪೆಟ್ರೋಲು ಹೋಗದ ಕಡೆ ಎಣ್ಣೆಯೂ ಹೋಗುವುದಿಲ್ಲ, ನಿಜ. ಗಾಡಿಯ ಭಾರವೇ ಎಂಜಿನ್ನನ್ನು ಗರಗರ ತಿರುಗಿಸುತ್ತ ಪಿಸ್ಟನ್ನನ್ನು ಒಣಗೋಡೆಗೆ ಉಜ್ಜಿಸುತ್ತಿರುತ್ತದೆ, ಅದೂ ನಿಜ. ನಡುನಡುವೆ ಒಂದು ಸಲ ಆಕ್ಸಿಲರೇಟರ್ ತಿರುವಿ ಒಂದು ಗುಟುಕು ಎಣ್ಣೆ ಕುಡಿಸಬೇಕು ಎಂದು ಹಳಬರು ಹೇಳುತ್ತಾರೆ. ಕೇಳಿಸಿಕೊಳ್ಳಿ, ತಲೆಯಾಡಿಸಿ, ಮುಚ್ಚಿದ್ದು ಮುಚ್ಚಿದಂತೆಯೇ ಇಳಿಯಿರಿ.

ರೋಗ ಪತ್ತೆ

ಆರು ತಿಂಗಳಲ್ಲಿ ಲಕ್ಷಣಗಳು ಕಾಣುತ್ತವೆ. ಒಂದೊಂದಕ್ಕೂ ಸರಿಯಾದ ಸಮಾಧಾನ ಕಲಿತಿರಿ.

ಬೆಳಗ್ಗೆ ಸ್ಟಾರ್ಟಾದ ಕೂಡಲೇ ಸಿಲಿಂಡರಿನಿಂದ ಕಟಕಟ ಸದ್ದು ಬಂದು, ಕಾಫಿ ಮುಗಿಯುವ ಹೊತ್ತಿಗೆ ನಿಂತುಹೋಗುತ್ತದೆ. ಗೋಡೆ ಸವೆದು ಸಂದು ದೊಡ್ಡದಾದಾಗ ತಣ್ಣಗಿರುವ ಪಿಸ್ಟನ್ ಅತ್ತಿತ್ತ ಓಲಾಡಿ ಬಡಿಯುವ ಸದ್ದು ಅದು. ಪಿಸ್ಟನ್ ಅಲ್ಯೂಮಿನಿಯಮ್ಮು, ಬಿಸಿಯಾದರೆ ಕಬ್ಬಿಣಕ್ಕಿಂತ ಸುಮಾರು ಎರಡರಷ್ಟು ಹಿಗ್ಗುತ್ತದೆ, ಸಂದು ತುಂಬುತ್ತದೆ, ಸದ್ದು ಅಡಗುತ್ತದೆ. ನೀವು ಇದನ್ನು ‘ವಾಸಿಯಾಯಿತು’ ಎಂದು ಓದಿಕೊಳ್ಳಿ. ದಿನಾ ಬೆಳಗ್ಗೆ ಬಂದು ದಿನಾ ಬೆಳಗ್ಗೆಯೇ ವಾಸಿಯಾಗುವ ಕಾಯಿಲೆಗೆ ಯಾರಾದರೂ ಆಪರೇಷನ್ ಮಾಡಿಸುತ್ತಾರೆಯೆ?

ಕಿಕ್ಕರಿನ ಮೇಲೆ ಮೆಲ್ಲಗೆ ಮೈಭಾರ ಬಿಡಿ. ಗಟ್ಟಿ ಎಂಜಿನ್ನು ನಿಮ್ಮನ್ನು ಒಂದರೆಗಳಿಗೆ ಹೊತ್ತು ನಿಲ್ಲಿಸುತ್ತದೆ. ಸವೆದದ್ದು ಬೆಣ್ಣೆಗೆ ಚಾಕು ಇಳಿದಂತೆ ಇಳಿಯುತ್ತದೆ. ಎರಡನೆಯದಾದರೆ ಕುಗ್ಗಬೇಡಿ. ಪಕ್ಕದ ಮನೆಯ ಹುಡುಗನನ್ನು ಕರೆದು ಕೈಯಲ್ಲೇ ಒತ್ತಿಸಿ, ‘ಕಿಕ್ಕು ಎಷ್ಟು ಸ್ಮೂತಾಗಿದೆ ನೋಡಿದೆಯೇನೋ’ ಅನ್ನಿ.

ಬೆಟ್ಟದ ತಿರುವಿನಲ್ಲಿ ಮೂರನೇ ಗೇರಿನಲ್ಲಿ ಏರುತ್ತಿದ್ದದ್ದು ಎರಡು ಕೇಳಿದರೆ, ಪೆಟ್ರೋಲಿಗೆ ಎಥನಾಲ್ ಬೆರೆಸುತ್ತಿದ್ದಾರಲ್ಲ, ಅದನ್ನು ಬೈಯಿರಿ. ಎರಡರಲ್ಲೂ ಏದುಸಿರು ಬಿಟ್ಟರೆ ಹಿಂದೆ ಕೂತವರ ತೂಕವನ್ನು ಗೌರವದಿಂದ ಪ್ರಸ್ತಾಪಿಸಿ. ನಾನು ಒಂದೇ ಸಲ ಪ್ರಸ್ತಾಪಿಸಿದೆ.

ಹೊಗೆಯ ಚಿಂತೆ ನಿಮಗೆ ಬೇಡವೇ ಬೇಡ. ಬುಲೆಟ್ಟಿನವರು ಸೈಲೆನ್ಸರಿನಲ್ಲಿ ನೀಲಿ ಹೊಗೆ ಕಂಡರೆ ಎಣ್ಣೆ ಸುಡುತ್ತಿದೆ, ರಿಂಗು ಹೋಯಿತು ಎಂದು ನಿದ್ದೆಗೆಡುತ್ತಾರೆ. ನಿಮ್ಮದು ಎಣ್ಣೆ ಕುಡಿದೇ ಬದುಕುವ ಎಂಜಿನ್ನು. ಹೊಗೆ ಅದರ ಹುಟ್ಟುಗುಣ, ಅದೂ ಎರಡು ಸೈಲೆನ್ಸರಿನಲ್ಲಿ. ಯಾರು ಏನೇ ಅಂದರೂ ‘ಟೂ ಸ್ಟ್ರೋಕ್ ಸಾರ್’ ಎಂಬ ಮೂರು ಪದ ಸಾಕು.

ಪ್ಲಗ್ಗು ಬಿಚ್ಚಿ ಆ ತೂತಿನಿಂದ ಒಂದು ಚಮಚ ಎಣ್ಣೆ ಬಿಟ್ಟು ಮತ್ತೆ ಕಂಪ್ರೆಶನ್ ನೋಡುವ ಪರೀಕ್ಷೆಯೊಂದಿದೆ. ಎಣ್ಣೆ ಬಿಟ್ಟ ಮೇಲೆ ಕಂಪ್ರೆಶನ್ ಏರಿದರೆ ರಿಂಗಿನ ಸಂದಿನಲ್ಲಿ ಸೋರುತ್ತಿದೆ ಎಂದರ್ಥ. ಎಣ್ಣೆ ಸಂದನ್ನು ತಾತ್ಕಾಲಿಕವಾಗಿ ಮುಚ್ಚಿತಷ್ಟೆ. ಇದನ್ನು ಪರೀಕ್ಷೆಯಾಗಿ ಬಳಸಿ ವ್ಯರ್ಥ ಮಾಡಬೇಡಿ. ಗಾಡಿ ನೋಡಲು ಗಿರಾಕಿ ಬರುವ ಹತ್ತು ನಿಮಿಷ ಮುಂಚೆ ಮಾಡಿ. ಎಂಜಿನ್ನನ್ನು ಮೊದಲೇ ಬಿಸಿ ಮಾಡಿಟ್ಟಿದ್ದರೆ ಕಟಕಟವೂ ಇರುವುದಿಲ್ಲ. ‘ಎಂಜಿನ್ ಇದುವರೆಗೂ ಬಿಚ್ಚಿಲ್ಲ’ ಎಂಬ ಮಾತನ್ನು ಟ್ಯಾಂಕು ಸವರುತ್ತ ಹೇಳಿ, ಮುಖ ನೋಡಿ ಹೇಳಬೇಡಿ.

ಇಷ್ಟಾಗಿಯೂ ಅನುಮಾನ ಉಳಿದರೆ ಸಲಹೆ ಕೇಳಿ. ಜುಲೈ ಎರಡನೇ ಭಾನುವಾರ ಜಾವಾ ದಿನ ಎಂದು ಹಳೇ ಗಾಡಿಯವರೆಲ್ಲ ಸೇರುತ್ತಾರೆ. ಅಲ್ಲಿಗೆ ಹೋಗಿ ಸ್ಟಾರ್ಟ್ ಮಾಡಿ ನಿಂತುಕೊಳ್ಳಿ. ಒಬ್ಬರು ಕಿವಿಯಿಟ್ಟು ‘ಸಣ್ಣ ಬುಷ್ಷು’ ಅನ್ನುತ್ತಾರೆ, ಇನ್ನೊಬ್ಬರು ‘ಕ್ಲಚ್ಚಿನ ಚೈನು’ ಅನ್ನುತ್ತಾರೆ, ಮೂರನೆಯವರು ಟೈಮಿಂಗು ಎಂದು ಆಗಲೇ ಸ್ಪ್ಯಾನರ್ ತೆಗೆದಿರುತ್ತಾರೆ. ಹತ್ತು ಜನ, ಹನ್ನೊಂದು ರೋಗ. ಎಲ್ಲವನ್ನೂ ರಿಪೇರಿ ಮಾಡಿಸಿ. ಅಳೆಯಿರಿ ಎಂದು ಒಬ್ಬರಾದರೂ ಅಂದರೆ, ಅವರು ಬುಲೆಟ್ಟಿನವರೇನೋ ವಿಚಾರಿಸಿ.

ಬಿಚ್ಚುವುದು

ಬಿಚ್ಚುವುದು ಸುಲಭ. ಹೆಡ್ಡಿನ ನಟ್ಟುಗಳನ್ನು ಬೇಕಾದ ಕ್ರಮದಲ್ಲಿ ತೆಗೆಯಿರಿ, ಸಿಲಿಂಡರನ್ನು ಮೇಲಕ್ಕೆಳೆಯಿರಿ. ಕೆಳಗೆ ಕ್ರ್ಯಾಂಕ್‌ಕೇಸಿನ ಬಾಯಿ ಬಾವಿಯಂತೆ ತೆರೆದಿರುತ್ತದೆ. ಅದಕ್ಕೆ ಬಟ್ಟೆ ತುರುಕಬೇಡಿ, ಬಟ್ಟೆ ಕೊಳೆಯಾಗುತ್ತದೆ. ಈಗ ಪಿಸ್ಟನ್ನಿನ ಪಕ್ಕದಲ್ಲಿ, ಗಡ್ಜನ್ ಪಿನ್ನಿನ ತುದಿಗೆ ಕೂತಿರುವ ಸಣ್ಣ ತಂತಿಯ ಲಾಕನ್ನು ಮೂಗುಇಕ್ಕಳದಲ್ಲಿ ಹಿಡಿದು ಎಳೆಯಿರಿ. ಅದು ಟಿಣ್ ಎಂದು ಚಿಮ್ಮುತ್ತದೆ. ಒಂದು ಕ್ಷಣ ಬಿಸಿಲಿನಲ್ಲಿ ಮಿನುಗುತ್ತದೆ. ಆಮೇಲೆ ಕ್ರ್ಯಾಂಕಿನ ಆಳದಲ್ಲೆಲ್ಲೋ ಇನ್ನೊಂದು ಸಣ್ಣ ಟಿಣ್. ಆ ಎರಡು ಟಿಣ್ಣುಗಳ ನಡುವಿನ ಮೌನವನ್ನು ಅನುಭವಿಸಿ. ನನಗೆ ಅಯಸ್ಕಾಂತ ಕಟ್ಟಿದ ತಂತಿ ಇಳಿಸಿ ಅದನ್ನು ಹಿಡಿಯಲು ಒಂದು ಶನಿವಾರ, ಒಂದು ಭಾನುವಾರ ಬೇಕಾದವು. ಸಿಕ್ಕ ಮೇಲೆ ಒರೆಸಿ ಜೇಬಿನಲ್ಲಿಟ್ಟುಕೊಳ್ಳಿ. ಮುಂದೆ ಕೆಲಸಕ್ಕೆ ಬರುತ್ತದೆ.

ಈಗ ಸಿಲಿಂಡರ್ ಕೈಯಲ್ಲಿದೆ. ಬೆಳಕಿಗೆ ಹಿಡಿದು ನೋಡಿ. ಬಾಯಿಂದ ಸ್ವಲ್ಪ ಕೆಳಗೆ ಉಗುರು ಎಳೆದರೆ ಒಂದು ಕಡೆ ತಟ್ಟನೆ ಸಿಕ್ಕಿಕೊಳ್ಳುತ್ತದೆ. ಅದೇ ಏಣು. ಪಿಸ್ಟನ್ ತುದಿಗೇರಿ ಒಂದು ಕ್ಷಣ ನಿಂತು ಹಿಂದಿರುಗುವ ಆ ಜಾಗದಲ್ಲಿ ಬೆಂಕಿ ಹೆಚ್ಚು, ಎಣ್ಣೆಯ ಪದರ ತೆಳು, ಉರಿದ ಅನಿಲ ರಿಂಗಿನ ಬೆನ್ನ ಹಿಂದೆ ಹೊಕ್ಕು ಅದನ್ನು ಗೋಡೆಗೆ ಒತ್ತುತ್ತದೆ. ಹಾಗಾಗಿ ಸವೆತವೆಲ್ಲ ಅಲ್ಲೇ ಜಾಸ್ತಿ. ಅದಕ್ಕೂ ಮೇಲೆ ರಿಂಗು ಮುಟ್ಟದ ಕಬ್ಬಿಣ ಕಾರ್ಖಾನೆಯಿಂದ ಬಂದ ಹಾಗೇ ಉಳಿದು ಮೆಟ್ಟಿಲಾಗುತ್ತದೆ. ಸವೆತ ಗುಂಡಗೂ ಇರುವುದಿಲ್ಲ. ಪಿಸ್ಟನ್ ಹಿಂದಕ್ಕೂ ಮುಂದಕ್ಕೂ ಒರಗುವುದರಿಂದ ಆ ಕಡೆ ಹೆಚ್ಚು, ಅಕ್ಕಪಕ್ಕ ಕಡಮೆ. ಒಳಗೆ ಒಂದು ಕೋಳಿಮೊಟ್ಟೆಯ ಆಕಾರ ನಿಧಾನವಾಗಿ ಮೂಡಿರುತ್ತದೆ.

ಇದನ್ನು ಹಿಡಿಯಲು ಬೋರ್ ಗೇಜ್ ಎಂಬ ಸಾಧನವಿದೆ. ಮೇಲೆ, ನಡುವೆ, ಕೆಳಗೆ ಮೂರು ಎತ್ತರ. ಉದ್ದಕ್ಕೆ, ಅಡ್ಡಕ್ಕೆ ಎರಡು ದಿಕ್ಕು. ಆರು ಅಳತೆ, ಹತ್ತು ನಿಮಿಷ. ಕಾಗದದ ಮೇಲೆ ಬರೆದರೆ ಸಿಲಿಂಡರಿನ ಇಡೀ ಜಾತಕ ಬಿದ್ದುಕೊಂಡಿರುತ್ತದೆ. ಇದನ್ನು ಮಾತ್ರ ಮಾಡಬೇಡಿ. ಅಳತೆ ಬೇಕೇ ಬೇಕು ಎಂದು ಮನಸ್ಸು ಹಟ ಹಿಡಿದರೆ ಸಾದಾ ವರ್ನಿಯರ್ ತಗೊಂಡು ಸಿಲಿಂಡರಿನ ತಳದ ಅಂಚಿನಲ್ಲಿ ಹಿಡಿಯಿರಿ. ರಿಂಗು ಅಲ್ಲಿಗೆ ಬರುವುದೇ ಇಲ್ಲ. ಎಷ್ಟು ಓಡಿದ ಗಾಡಿಯಾದರೂ ಅಲ್ಲಿ ಸ್ಟ್ಯಾಂಡರ್ಡ್ ಎಂದೇ ತೋರಿಸುತ್ತದೆ.

ಇದಕ್ಕಿಂತ ಒಳ್ಳೆಯದು ಮೇಸ್ತ್ರಿಯ ಹೆಬ್ಬೆರಳು. ನಾನು ಸಿಲಿಂಡರನ್ನು ಗೋಣಿಚೀಲದಲ್ಲಿ ಸುತ್ತಿ ಒಯ್ದಾಗ ನಮ್ಮ ಮೇಸ್ತ್ರಿ ಬೀಡಿ ಪಕ್ಕಕ್ಕಿಟ್ಟು, ಹೆಬ್ಬೆರಳನ್ನು ಬಾವಿಗೆ ಬಿಂದಿಗೆ ಇಳಿಸಿದ ಹಾಗೆ ಒಳಗಿಳಿಸಿ, ಕಣ್ಣು ಮುಚ್ಚಿ ಒಂದು ಸುತ್ತು ಸವರಿದ.

‘ಬೋರು ಚೆನ್ನಾಗದೆ ಸಾರ್. ರಿಂಗ್ ಹಾಕಿ, ಇನ್ನೂ ಮೂವತ್ ಸಾವ್ರ ಓಡ್ತದೆ.’

‘ಮೇಲೆ ಉಗುರು ಸಿಕ್ಕಿಕೊಳ್ಳುತ್ತಲ್ಲ ಮೇಸ್ತ್ರಿ?’

‘ಉಗುರು ಕತ್ತರಿಸ್ಕಳಿ ಸಾರ್.’

ಇಂಥ ಮೇಸ್ತ್ರಿಯನ್ನು ಹುಡುಕಿ. ಸಿಕ್ಕರೆ ಬಿಡಬೇಡಿ.

ರಿಪೇರಿ

ಮೊದಲ ಮದ್ದು ಬರೀ ರಿಂಗು. ಅಗ್ಗ. ಹೊಸ ರಿಂಗು ಗುಂಡಗಿದೆ, ನಿಮ್ಮ ಬೋರು ಮೊಟ್ಟೆಯಾಗಿದೆ. ಇಬ್ಬರೂ ಹೊಂದಿಕೊಂಡು ಹೋಗಲಿ ಎಂದು ಹರಸಿ, ನಮ್ಮ ಮದುವೆಗಳೂ ಹೀಗೆಯೇ ತಾನೆ. ರಿಂಗನ್ನು ಬೋರಿನಲ್ಲಿ ಕೂರಿಸಿ ಎರಡು ತುದಿಗಳ ನಡುವಿನ ಸಂದನ್ನು ಫೀಲರ್ ಗೇಜಿನಲ್ಲಿ ನೋಡುವ ಪದ್ಧತಿಯಿದೆ. ಈ ಬೋರಿಗೆ ಕಾಲು ಮಿ.ಮೀ. ಆಸುಪಾಸು ಇರಬೇಕು. ನನ್ನದರಲ್ಲಿ ಹಳೇ ಒಂದು ರೂಪಾಯಿ ನಾಣ್ಯ ಆರಾಮವಾಗಿ ತೂರಿತು. ಸಂದಿದ್ದರೆ ಗಾಳಿಯಾಡುತ್ತದೆ ಎಂದುಕೊಂಡು ಮುಂದುವರಿಯಿರಿ. ಟೂ ಸ್ಟ್ರೋಕಿನಲ್ಲಿ ರಿಂಗಿನ ಬಾಯಿ ತಿರುಗಿ ಪೋರ್ಟಿಗೆ ಸಿಕ್ಕಿಕೊಳ್ಳಬಾರದೆಂದು ಪಿಸ್ಟನ್ನಿನಲ್ಲಿ ಒಂದು ಸಣ್ಣ ಮೊಳೆ ನೆಟ್ಟಿರುತ್ತಾರೆ. ರಿಂಗಿನ ಬಾಯಿ ಆ ಮೊಳೆಗೆ ಕೂತಿದೆಯೇ ಎಂದು ನೋಡದೆ ಸಿಲಿಂಡರನ್ನು ಮೇಲಿನಿಂದ ಒತ್ತಿ. ‘ಚಟ್’ ಅಂದರೆ ಒಂದು ರಿಂಗು ಹೋಯಿತು. ಇನ್ನೊಂದು ಸೆಟ್ಟು ತನ್ನಿ. ಅದು ಸರಿಯಾಗಿ ಕೂತರೂ ಯೋಚನೆ ಬೇಡ: ಹೊಸ ರಿಂಗಿನ ಚೂಪಾದ ಅಂಚು ಮೇಲಿನ ಆ ಏಣಿಗೆ ಹೋಗಿ ಬಡಿಯುತ್ತದೆ. ನನ್ನದು ಹನ್ನೆರಡನೇ ದಿನ ತುಂಡಾಯಿತು. ತುಂಡು, ಹೊರಹೋಗುವ ಮುಂಚೆ, ಗೋಡೆಯ ಮೇಲೆ ನೇಗಿಲ ಸಾಲು ಎಳೆದಿತ್ತು.

ಈಗ ಬೋರು ಹೊಡೆಸಬೇಕು. ಇಲ್ಲಿ ಗಮನವಿಟ್ಟು ಕೇಳಿ, ನಾಲ್ಕು ಜನ್ಮದಲ್ಲಿ ಮೂರನ್ನು ಒಂದೇ ವಾರದಲ್ಲಿ ಕಳೆಯುವ ಅವಕಾಶ ಇಲ್ಲಿದೆ. ಹೆದರುವ ಜನ ಮೊದಲು ಪಿಸ್ಟನ್ ಕೊಂಡು, ಅದನ್ನು ಲೇತಿನವನ ಕೈಗಿಟ್ಟು, ಮೈಕ್ರೋಮೀಟರಿನಲ್ಲಿ ಆ ಪಿಸ್ಟನ್ನನ್ನೇ ಅಳೆದು, ಅದಕ್ಕೆ ತಕ್ಕ ಸಂದು ಬಿಟ್ಟು ಕೆತ್ತಿಸುತ್ತಾರೆ. ನೀವು ಮೊದಲು ಕೆತ್ತಿಸಿ. ನೇಗಿಲ ಸಾಲು ಇಪ್ಪತ್ತೈದಕ್ಕೆ ಹೋಗಲಿಲ್ಲ, ಐವತ್ತಕ್ಕೆ ಹೋಯಿತು. ಆಮೇಲೆ ಐವತ್ತರ ಪಿಸ್ಟನ್ ಹುಡುಕಿಕೊಂಡು ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋಗಿ. ಬೆಳಗ್ಗೆಯಿಂದ ಸಂಜೆವರೆಗೆ ಒಂದೊಂದು ಅಂಗಡಿಯ ಮೆಟ್ಟಿಲು ಹತ್ತಿ ಇಳಿಯಿರಿ. ಐವತ್ತು ಒಂದನ್ನು ಬಿಟ್ಟು ಎಲ್ಲವೂ ಇರುತ್ತದೆ. ಕೊನೆಯ ಅಂಗಡಿಯವರು ಧೂಳು ಒರೆಸಿ ಎಪ್ಪತ್ತೈದರ ಒಂದು ಡಬ್ಬಿ ಇಳಿಸಿ, ‘ಹಳೇ ಸ್ಟಾಕು, ಇನ್ನು ಬರಲ್ಲ’ ಎನ್ನುತ್ತಾರೆ. ಇನ್ನು ಬರಲ್ಲ ಎಂಬ ಮಾತಿಗೆ ಕೂಡಲೇ ದುಡ್ಡು ಕೊಡಿ. ಡಬ್ಬಿ ಹಿಡಿದು ಮೈಸೂರಿಗೆ ಬಂದು ಮತ್ತೆ ಲೇತಿಗೆ ಹೋಗಿ ಎಪ್ಪತ್ತೈದಕ್ಕೆ ಕೆತ್ತಿಸಿ. ಐವತ್ತರಲ್ಲಿ ಆ ಸಿಲಿಂಡರು ಒಂದು ಕಿಲೋಮೀಟರೂ ಓಡಲಿಲ್ಲ.

ಲೇತಿನವನಿಗೆ ಎರಡು ಮಾತು ಹೇಳಿ. ಒಂದು, ಸಂದು ಬಿಗಿಯಾಗಿರಲಿ. ತಲೆಗೂದಲ ಒಂದೆಳೆಯಷ್ಟು ಸಂದು ಬಿಡದಿದ್ದರೆ ಬಿಸಿಗೆ ಹಿಗ್ಗಿದ ಪಿಸ್ಟನ್ ಹಿಡಿದುಕೊಳ್ಳುತ್ತದೆ ಎಂದು ಅವನು ಗೊಣಗಬಹುದು. ‘ಹಳೇದು ಲೂಸಾಗಿಯೇ ಕೆಟ್ಟಿದ್ದು’ ಎಂದು ಬಾಯಿ ಮುಚ್ಚಿಸಿ. ಎರಡು, ಒಳಗೆ ಕನ್ನಡಿಯ ಹಾಗೆ ಹೊಳೆಯಬೇಕು, ಮೀಸೆ ತೀಡಿಕೊಳ್ಳುವ ಹಾಗಿರಬೇಕು. ಹೋನಿಂಗ್ ಕಲ್ಲು ಬಿಟ್ಟು ಗೋಡೆಯ ಮೇಲೆ ಅಡ್ಡಡ್ಡ ಸಣ್ಣ ಗೀರುಗಳ ಜಾಲ ಎಳೆಯುವುದು ಎಣ್ಣೆ ನಿಲ್ಲಲಿ ಎಂದಂತೆ. ಕೊಟ್ಟ ದುಡ್ಡಿಗೆ ಗೀರು ಹಾಕಿಸಿಕೊಂಡು ಬರುವವರನ್ನು ನಾನು ಕಂಡಿಲ್ಲ. ಪೋರ್ಟುಗಳ ಅಂಚು ಕೆತ್ತನೆಯಾದ ಮೇಲೆ ಬ್ಲೇಡಿನಂತಿರುತ್ತದೆ, ಸಣ್ಣಗೆ ಅರ ಹಾಕಿ ಮೊಂಡು ಮಾಡದಿದ್ದರೆ ರಿಂಗು ಸಿಕ್ಕಿಕೊಳ್ಳುತ್ತದೆ. ಅದನ್ನು ಅವನೂ ಮರೆಯುತ್ತಾನೆ, ನೀವೂ ನೆನಪಿಸಬೇಡಿ.

ರನ್ನಿಂಗು

ಹೊಸ ಪಿಸ್ಟನ್ ಹಾಕಿದ ಗಾಡಿಯನ್ನು ಮೊದಲ ಐನೂರು ಕಿಲೋಮೀಟರ್ ಮೆಲ್ಲಗೆ ಓಡಿಸಬೇಕು, ವೇಗ ಏರಿಸಿ ಇಳಿಸಿ, ಆಗಾಗ ನಿಲ್ಲಿಸಿ ತಣಿಸಬೇಕು ಎಂಬುದು ವಾಡಿಕೆ. ಅಷ್ಟು ತಾಳ್ಮೆ ಇದ್ದವರು ಸಿಲಿಂಡರ್ ಸವೆಸುತ್ತಲೇ ಇರಲಿಲ್ಲ. ಜೋಡಿಸಿದ ದಿನವೇ ನಂಜನಗೂಡಿಗೆ ಹೊರಡಿ. ಮಧ್ಯಾಹ್ನ ಹನ್ನೆರಡಕ್ಕೆ, ಇಬ್ಬರು ಕೂತು. ಟಿಪ್ಪುವಿನ ಪಟ್ಟದಾನೆಯ ಕಣ್ಣು ವಾಸಿ ಮಾಡಿ ಹಕೀಂ ನಂಜುಂಡ ಎನಿಸಿಕೊಂಡ ದೇವರಲ್ಲವೆ, ಎಪ್ಪತ್ತೈದರ ಪಿಸ್ಟನ್ ಯಾವ ಲೆಕ್ಕ ಎಂದು ನಂಬಿ. ಊರು ದಾಟಿದ ಮೇಲೆ ಆಕ್ಸಿಲರೇಟರ್ ಪೂರ್ತಿ ತಿರುವಿ.

ಮೊದಲು ಗಾಡಿ ಯಾರೋ ಹಿಂದಿನಿಂದ ಸೀರೆ ಸೆರಗು ಹಿಡಿದೆಳೆದಂತೆ ಜಗ್ಗುತ್ತದೆ. ಸದ್ದು ದಪ್ಪಗಾಗುತ್ತದೆ. ಆಮೇಲೆ ಕೀ... ಎಂದು ಹಿಂದಿನ ಚಕ್ರ ನಿಂತುಹೋಗುತ್ತದೆ. ಈ ಹೊತ್ತಿನಲ್ಲಿ ಎಡಗೈ ತಾನಾಗಿ ಕ್ಲಚ್ಚು ಹಿಡಿಯಬೇಕು; ಅದೊಂದನ್ನು ನಾನು ಸರಿಯಾಗಿ ಮಾಡಿದೆ, ನೀವೂ ಮಾಡಿ, ಯಾಕೆಂದರೆ ಇಂಥ ಕೈಪಿಡಿ ಪೂರ್ತಿ ಓದಲು ಓದುಗರು ಬೇಕು. ಹುಣಸೆಮರದ ನೆರಳಿಗೆ ತಳ್ಳಿ. ಅರ್ಧ ಗಂಟೆ ಕೂತರೆ ಪಿಸ್ಟನ್ ಕುಗ್ಗಿ ಕಿಕ್ಕು ಮತ್ತೆ ಇಳಿಯುತ್ತದೆ, ಗಾಡಿ ಸ್ಟಾರ್ಟೂ ಆಗುತ್ತದೆ. ಒಳಗೆ ಅಲ್ಯೂಮಿನಿಯಮ್ಮು ಗೋಡೆಗೆ ಮೆತ್ತಿಕೊಂಡಿದೆ ಎಂದು ಯಾರಿಗೂ ಹೇಳಬೇಡಿ. ‘ಸ್ವಲ್ಪ ಹೀಟಾಗಿತ್ತು’ ಅನ್ನಿ. ನನ್ನ ಹಿಂದೆ ಕೂತಿದ್ದವರು ಏನೂ ಅನ್ನಲಿಲ್ಲ. ಎದುರಿಗೆ ಬಂದ ನಂಜನಗೂಡಿನ ಬಸ್ಸಿಗೆ ಕೈ ಅಡ್ಡ ಹಿಡಿದು, ಹತ್ತಿ, ದೇವರ ದರ್ಶನ ಮುಗಿಸಿ, ಅದೇ ದಾರಿಯಲ್ಲಿ ವಾಪಸು ಬರುವಾಗ ಕಿಟಕಿಯಿಂದ ಪ್ರಸಾದದ ಪೊಟ್ಟಣ ಎಸೆದು ಹೋದರು.

ಎಪ್ಪತ್ತೈದು ಮುಗಿಯಿತು. ನೂರಕ್ಕೆ ಕೆತ್ತಿಸಿ, ಪಿಸ್ಟನ್ ತರಿಸಿ. ಈ ಹೊತ್ತಿಗೆ ಲೇತಿನವನು ನಿಮಗೆ ಕಾಫಿ ತರಿಸುವಷ್ಟು ಹತ್ತಿರದವನಾಗಿರುತ್ತಾನೆ. ಈ ಸಲ ಎಣ್ಣೆ, ಸಂದು, ರನ್ನಿಂಗು ಎಲ್ಲವನ್ನೂ ಸರಿಯಾಗಿ ಮಾಡಬೇಕೆಂಬ ದುರ್ಬುದ್ಧಿ ಬರುತ್ತದೆ. ಬರಲಿ, ಮಾಡಿ. ಆದರೆ ಗಡ್ಜನ್ ಪಿನ್ನಿಗೆ ಹೊಸ ಲಾಕು ಹಾಕಬೇಡಿ. ಜೇಬಿನಲ್ಲಿದೆಯಲ್ಲ, ಎರಡು ದಿನ ಕಷ್ಟಪಟ್ಟು ಎತ್ತಿದ್ದು, ಅದನ್ನೇ ಹಾಕಿ. ಇಡೀ ಗಾಡಿಯಲ್ಲಿ ಅದಕ್ಕಿಂತ ಅಗ್ಗದ ಸಾಮಾನಿಲ್ಲ, ಉಳಿತಾಯ ಅಲ್ಲಿಂದಲೇ ಶುರುವಾಗಬೇಕು. ಒಮ್ಮೆ ಎಳೆದು ತೆಗೆದ ಲಾಕಿಗೆ ಬಿಗಿ ಇರುವುದಿಲ್ಲ. ಮುನ್ನೂರು ಕಿಲೋಮೀಟರಿಗೆ ಅದು ಜಾಗ ಬಿಟ್ಟು ಹೊರಬಂದು ಪಿಸ್ಟನ್ನಿಗೂ ಗೋಡೆಗೂ ನಡುವೆ ಸಿಕ್ಕಿ, ಮೇಲಿನಿಂದ ಕೆಳಗಿನವರೆಗೆ ಅಕ್ಕಸಾಲಿಗನ ಅಚ್ಚುಕಟ್ಟಿನಲ್ಲಿ ಒಂದು ಗೆರೆ ಕೊರೆಯುತ್ತದೆ.

ನೂರರ ನಂತರ ಉಳಿಯುವುದು ಸ್ಲೀವು. ಸಿಲಿಂಡರಿನ ಒಳಗೆ ಹೊಸ ಕಬ್ಬಿಣದ ಕೊಳವೆ ಇಳಿಸಿ ಮತ್ತೆ ಸ್ಟ್ಯಾಂಡರ್ಡಿಗೆ ತರುವುದು. ಒಳ್ಳೆಯವರ ಕೈಗೆ ಸಿಕ್ಕರೆ ಇದು ಪುನರ್ಜನ್ಮವೇ ಸರಿ. ಆದ್ದರಿಂದ ರೇಟು ಕಡಮೆ ಹೇಳಿದವರ ಕೈಗೆ ಕೊಡಿ. ಟೂ ಸ್ಟ್ರೋಕಿನ ಸಿಲಿಂಡರಿನಲ್ಲಿ ಒಳಬರುವ ದಾರಿ, ಹೊರಹೋಗುವ ದಾರಿ, ಮೇಲೇರುವ ದಾರಿ ಎಲ್ಲವೂ ಗೋಡೆಯಲ್ಲೇ ತೆರೆದ ಕಿಟಕಿಗಳು. ಸ್ಲೀವಿನ ಕಿಟಕಿ ಸಿಲಿಂಡರಿನ ಕಿಟಕಿಗೆ ನೇರ ಬರಬೇಕು. ನನ್ನದನ್ನು ಮಾಡಿದವರು ಕಣ್ಣಂದಾಜಿನಲ್ಲಿ ಇಳಿಸಿದರು. ಬಲಗಡೆಯ ಸೈಲೆನ್ಸರಿನ ಕಿಟಕಿ ಅರ್ಧ ಮುಚ್ಚಿತು. ಗಾಡಿ ಸ್ಟಾರ್ಟಾಯಿತು, ಗೇಟಿನವರೆಗೆ ಹೋಯಿತು, ಕೆಮ್ಮಿತು, ನಿಂತಿತು.

ಈಗ ಸಿಲಿಂಡರನ್ನು ಕೊನೆಯ ಸಲ ಬಿಚ್ಚಿ. ಸೀಮೆಎಣ್ಣೆಯಲ್ಲಿ ಚೆನ್ನಾಗಿ ತೊಳೆದು, ಒರೆಸಿ, ಒಂದು ಸ್ಟೀಲ್ ತಟ್ಟೆಯ ಮೇಲೆ ದೇವರ ಮನೆಯ ಪಕ್ಕದ ಶೆಲ್ಫಿನಲ್ಲಿಡಿ. ಒಳಗೆ ಎರಡು ಮೈಸೂರು ಊದುಬತ್ತಿ ಹಚ್ಚಿ ನಿಲ್ಲಿಸಿ. ಮೇಲೆ ಹೆಡ್ಡು ಮುಚ್ಚಿ, ಪ್ಲಗ್ಗು ಬಿಗಿ ಮಾಡಿ. ಕಾರ್ಬುರೇಟರ್ ಕಡೆಯ ಬಾಯಿಗೆ ಈಗ ಬಟ್ಟೆ ತುರುಕಿ. ಸ್ವಲ್ಪ ಹೊತ್ತಿಗೆ ಮುಂದಿನ ಎರಡೂ ಕಿಟಕಿಗಳಿಂದ ತೆಳ್ಳಗೆ ಹೊಗೆ ಬರುತ್ತದೆ. ಬಲಗಡೆ ಸ್ವಲ್ಪ ಕಡಮೆ.